ಗುಂಡಾನಿಯಲ್ಲಿ ಸಿಹಿನೀರು

ಗುಂಡಾನಿ,
ಭಾನುವಾರ, ೧೯ ಅಕ್ಟೋಬರ್ ೨೦೨೫

ಪ್ರೀತಿಯ ಲುಫಿನಾ,

ನೀನು ಚೆನ್ನಾಗಿ ಎದ್ದಿದ್ದರೆ ನಾನೂ ಚೆನ್ನಾಗಿ ಎದ್ದಿದ್ದೇನೆ. ನಿನ್ನ ಮನೆಯವರೆಲ್ಲ ಚೆನ್ನಾಗಿ ಎದ್ದಿದ್ದರೆ ನಮ್ಮ ಮನೆಯಲ್ಲೂ ಎಲ್ಲರೂ ಎದ್ದು ಓಡಾಡಿಕೊಂಡಿದ್ದಾರೆ, ನನ್ನ ಗಂಡ ಲಮೆಕಿ ಒಬ್ಬನನ್ನು ಬಿಟ್ಟು. ಅವನು ಯಾವತ್ತು ಸೂರ್ಯನಿಗಿಂತ ಮುಂಚೆ ಎದ್ದಿದ್ದಾನೆ ಹೇಳು.

ನಿನ್ನ ಮೂರು ಕಾಗದಗಳೂ ಬಂದಿವೆ. ಓದಿ, ಮಡಚಿ, ಬೈಬಲ್ಲಿನೊಳಗೆ ಇಟ್ಟಿದ್ದೇನೆ. ಒಂದಕ್ಕೂ ಉತ್ತರ ಬರೆಯಲಿಲ್ಲ. ಎರಡೂವರೆ ವರ್ಷ! ಪೆನ್ನು ಸಿಗಲಿಲ್ಲ ಎಂದರೆ ನೀನು ನಂಬುವುದಿಲ್ಲ. ಲಮೆಕಿಯ ಅಂಗಿ ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನು ಇರುತ್ತವೆ, ಬರೆಯಲಿಕ್ಕಲ್ಲ, ತಾನು ಚರ್ಚಿನ ಕಾರ್ಯದರ್ಶಿ ಎಂದು ದಾರಿಹೋಕರಿಗೂ ಗೊತ್ತಾಗಲಿ ಎಂದು. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಇಲ್ಲಿ ಸಿಗ್ನಲ್ ಸಿಗುವುದು ಗುಡ್ಡದ ತುದಿಯ ಒಂದೇ ಬಂಡೆಯ ಮೇಲೆ. ಅಲ್ಲಿ ನಿಂತು ಮಾತಾಡಿದರೆ ಹಿಂದೆ ಸರದಿಯಲ್ಲಿ ಕಾಯುತ್ತಿರುವ ಹತ್ತು ಜನ ನಡುನಡುವೆ ನಮಗೆ ಉತ್ತರವನ್ನೂ ಹೇಳಿಕೊಡುತ್ತಾರೆ. ಇವೆಲ್ಲ ನೆಪ. ತಪ್ಪು ನನ್ನದೇ. ನಿನ್ನ ಮುಂದೆ ತಲೆ ಬಗ್ಗಿಸಿ ಕೂತಿದ್ದೇನೆ ಎಂದುಕೊಂಡು ಮುಂದೆ ಓದು.

ನಿನ್ನ ದೊಡ್ಡ ಮಗಳು ಚಿಸೊಮೊಗೆ ಗಂಡು ಮಗುವಾಯಿತಂತೆ! ಟೀ ತೋಟದ ಲಾರಿ ಡ್ರೈವರ್ ಹೇಳಿದ. ಮೂಗು ಅಜ್ಜಿಯದೇ ಎಂದೂ ಹೇಳಿದ, ಪಾಪದ ಮಗು. ನಾವಿಬ್ಬರೂ ಪಂಪು ರಿಪೇರಿ ತರಬೇತಿಗೆ ಹೋದಾಗ ನಿನ್ನ ಬೆನ್ನಿಗೆ ಕಟ್ಟಿಕೊಂಡಿದ್ದ ಕೂಸಿಗೇ ಈಗ ಕೂಸು. ಅವತ್ತು ಕಲಿಸುವ ಮೇಷ್ಟ್ರು ನಮ್ಮನ್ನು ನೋಡಿ, "ಅಡುಗೆಯವರು ಹಿಂದಿನ ಬಾಗಿಲಿಂದ ಬರಬೇಕು" ಎಂದಿದ್ದು, ನೀನು, "ಅಡುಗೆ ನೀವು ಮಾಡಿ ಸಾರ್, ನಾವು ಪಂಪು ಬಿಚ್ಚೋಕೆ ಬಂದೋರು" ಎಂದಿದ್ದು ನೆನಪಿದೆಯೇ? ಈ ಕಥೆಯನ್ನು ನಾನು ಇಲ್ಲಿನ ಹುಡುಗಿಯರಿಗೆ ಎಷ್ಟು ಸಲ ಹೇಳಿದ್ದೇನೋ.

ಈಗ ಸುದ್ದಿಗೆ ಬರುತ್ತೇನೆ. ಈ ಕಾಗದವನ್ನು ಎಲ್ಲಿ ಕೂತು ಬರೆಯುತ್ತಿದ್ದೇನೆ ಗೊತ್ತೇ? ಗುಂಡಾನಿಯ ದೊಡ್ಡಹುಣಸೆ ಮರದ ಕೆಳಗಿನ ಪಂಪಿನ ಕಟ್ಟೆಯ ಮೇಲೆ. ಹೌದು, ಅದೇ. ಹೆಬ್ಬಾವು ಸೇರಿಕೊಂಡಿದೆ ಎಂದು ವೈಸನಿ ಮಾವ ಒಂಬತ್ತು ವರ್ಷದಿಂದ ಹೇಳುತ್ತಿದ್ದ ಪಂಪು. ಅದಕ್ಕೆ ಜೀವ ಬಂದಿದೆ ಲುಫಿನಾ! ಮಳೆನೀರಿನಷ್ಟು ತಿಳಿಯಾದ ನೀರು ಬಂದಿದೆ. ಸದ್ಯಕ್ಕೆ ಅದರ ಹಿಡಿಗೆ ಸರಪಳಿ ಸುತ್ತಿ, ಬೀಗ ಹಾಕಿ, ಬೀಗದ ಕೈಯನ್ನು ಉಟ್ಟ ಬಟ್ಟೆಯ ತುದಿಗೆ ಗಂಟು ಹಾಕಿಕೊಂಡು ಕಾವಲು ಕೂತಿದ್ದೇನೆ. ಯಾಕೆಂದು ಹೇಳಬೇಕಾದರೆ ಮೊದಲಿನಿಂದ ಹೇಳಬೇಕು.

ನೀನು ಅಣ್ಣನ ಮನೆಗೆಂದು ಥ್ಯೋಲೊ ಬೆಟ್ಟಕ್ಕೆ ಹೋದ ಮೇಲೆ, ನಮ್ಮ ನ್ಯಾಕಂಬಾದಲ್ಲಿ ಉಳಿದವರೆಲ್ಲ ಗಂಟುಮೂಟೆ ಕಟ್ಟಿಕೊಂಡು ಈ ಎತ್ತರಕ್ಕೆ ಬಂದೆವು. ಇನ್ನು ಆ ದಂಡೆಯ ಮೇಲೆ ಇರುವುದು ಆಗುತ್ತಿರಲಿಲ್ಲ. ನಾವು ಹುಡುಗಿಯರಾಗಿದ್ದಾಗ ಶಿರೆ ನದಿ ದೂರದ ನೆಂಟನ ಹಾಗೆ ಹತ್ತು ವರ್ಷಕ್ಕೊಮ್ಮೆ ಅಂಗಳಕ್ಕೆ ಬಂದು ಹೋಗುತ್ತಿತ್ತು. ಈಗ ಮನೆಯಳಿಯನ ಹಾಗೆ ವರ್ಷವರ್ಷವೂ ಬಂದು ಒಳಗೇ ಮಲಗುತ್ತದೆ. ಮಳೆಗೆ ತನ್ನ ತಿಂಗಳು ಯಾವುದೆಂದೇ ಮರೆತುಹೋಗಿದೆ. ಬರಬೇಕಾದಾಗ ಬರುವುದಿಲ್ಲ, ಬಂದರೆ ನಾಲ್ಕು ತಿಂಗಳಿನದನ್ನು ನಾಲ್ಕು ದಿನದಲ್ಲಿ ಸುರಿದು ಹೋಗುತ್ತದೆ.

ಹೊಸ ಊರಿಗೆಂದು ದಾನಿಗಳು ಹೊಸ ಬೋರು ಕೊರೆಸಿಕೊಟ್ಟರು. ಮೊದಲ ದಿನ ಕುಣಿದೆವು. ಎರಡನೆಯ ದಿನ ನೀರು ಉಪ್ಪೆಂದು ಗೊತ್ತಾಯಿತು. ಆ ನೀರಿಗೆ ಸೋಪು ನೊರೆ ಬರುವುದಿಲ್ಲ, ಅವರೆಕಾಳು ಬೇಯುವುದಿಲ್ಲ, ಟೀ ಮಾಡಿದರೆ ಯಾರೋ ಲೋಟದೊಳಗೆ ಅತ್ತ ಹಾಗಿರುತ್ತದೆ. "ಬಿಡ್ರೇ, ಉಪ್ಪು ಕೊಳ್ಳೋದು ತಪ್ತು" ಎಂದು ನಾಬಂಡಾ ಅಜ್ಜಿ ನಕ್ಕಳು. ನಿನ್ನ ಹಳೆಯ ಪಕ್ಕದ ಮನೆಯವಳು, ಎಪ್ಪತ್ತು ದಾಟಿದರೂ ನಾಲಿಗೆಗೆ ಇನ್ನೂ ಇಪ್ಪತ್ತೇ. ಆದರೆ ನಗುತ್ತಾ ಎಷ್ಟು ದಿನ ಕುಡಿಯುವುದು? ಎಲ್ಲರೂ ಮತ್ತೆ ಹೊಳೆಗೇ ಇಳಿದೆವು. ಹೊಳೆ ನೀರು ಕಾಯಿಸಲು ಸೌದೆ ಎಲ್ಲಿದೆ? ಈ ಸೆಪ್ಟೆಂಬರಿನಲ್ಲಿ ಒಂದು ದಿನ ಮೊಸಳೆಯೊಂದು ಮಲೀತಾಳ ಬಕೆಟ್ಟನ್ನು ಕೈಯಿಂದ ಕಿತ್ತುಕೊಂಡು ಹೋಯಿತು. ಬಕೆಟ್ಟು ಮಾತ್ರ, ದೇವರು ದೊಡ್ಡವನು. ಮಲೀತಾ ನನ್ನ ಜೊತೆ ಪಂಪು ಕೆಲಸ ಕಲಿಯುತ್ತಿರುವ ಹುಡುಗಿ, ಬೆನ್ನ ಮೇಲೆ ಎಂಟು ತಿಂಗಳ ಮಗು. ಹೊಳೆಯಿಂದ ನೇರವಾಗಿ ನನ್ನ ಅಂಗಳಕ್ಕೆ ಬಂದವಳು ಒದ್ದೆ ಬಟ್ಟೆಯಲ್ಲೇ ನಿಂತು ಹೇಳಿದಳು:

"ಅಕ್ಕಾ, ನಾನಿನ್ನು ಹೊಳೆಗೆ ಹೋಗಲ್ಲ. ಆ ಮರದ ಕೆಳಗಿನ ಪಂಪು ಬಿಚ್ಚೋಣ."

"ಅದರಲ್ಲಿ ಹಾವಿದೆ ಅಂತಾರಲ್ಲೇ."

"ಹೊಳೇಲಿ ಮೊಸಳೆ ಇದೆ. ನಾನು ನೋಡಿದೀನಿ. ಹಾವನ್ನ ಯಾರು ನೋಡಿದಾರೆ?"

ಹುಡುಗಿ ಹೇಳಿದ್ದು ಸರಿಯೇ. ಅದೂ ಅಲ್ಲದೆ ಆ ಪಂಪಿನ ನೀರು ಸಿಹಿ ಎಂದು ಈ ಗುಡ್ಡದ ಹಳಬರೆಲ್ಲ ಹೇಳುತ್ತಿದ್ದರು. ಕೆಟ್ಟಾಗ ಇಲ್ಲಿದ್ದದ್ದು ಆರೇಳು ಮನೆ, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ನೀರೆತ್ತುವ ಕಬ್ಬಿಣದ ಸರಳುಗಳನ್ನು ಒಳಗಿನಿಂದ ಹೆಬ್ಬಾವು ಎಳೆದುಕೊಂಡಿತು, ತಾನು ಕೈ ಬಿಡದಿದ್ದರೆ ತನ್ನನ್ನೂ ಎಳೆದುಕೊಳ್ಳುತ್ತಿತ್ತು ಎಂದು ವೈಸನಿ ಮಾವ ಹೇಳಿದ್ದರು. ಈ ಗುಡ್ಡಕ್ಕೆಲ್ಲ ಅವರೊಬ್ಬರೇ ಆಗ ಪಂಪಿನ ಮೇಸ್ತ್ರಿ, ನಾವಿಬ್ಬರೂ ಕೆಳಗೆ ನ್ಯಾಕಂಬಾದ ಪಂಪಿಗಷ್ಟೇ. ಇಲ್ಲ ಎನ್ನುವವರು ಯಾರು? ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ ಎಲ್ಲರೂ ಸುಮ್ಮನಾಗಿದ್ದರು.

ನಾನು ಹೋಗಿ ಜಿಲ್ಲೆಯ ನೀರಿನ ಕಚೇರಿಯ ಹುಡುಗಿಯನ್ನು ಕೇಳಿದೆ. ಒಳ್ಳೆಯ ಹುಡುಗಿ. "ಮಾಡಿ ಅಮ್ಮಾ, ಕೊಳವೆ ಬೇಕಾದ್ರೆ ನಾನು ಕೊಡಿಸ್ತೀನಿ. ಆದ್ರೆ ಮಳೆಗೆ ಮುಂಚೆ ಮುಗಿಸಿ. ಈ ಸಲ ಮಳೆ ಬಂದ ಮೇಲೂ ನಿಮ್ಮೋರು ಹೊಳೆ ನೀರೇ ಕುಡಿತಿದ್ರೆ ಮತ್ತೆ ಕಾಲರಾ" ಎಂದಳು. ಅಷ್ಟು ಸಾಕಾಗಿತ್ತು ನನಗೆ.

ಅಕ್ಟೋಬರ್ ಏಳಕ್ಕೆ ಶುರು ಮಾಡಿದೆವು. ನಾನು, ಮಲೀತಾ, ಇನ್ನು ನಾಲ್ಕು ಹೆಂಗಸರು. ಚಪ್ಪಡಿ ಸರಿಸಿ, ಹಗ್ಗಕ್ಕೆ ಕೊಕ್ಕೆ ಕಟ್ಟಿ, ಬಿದ್ದ ಸರಳುಗಳನ್ನು ಮೀನು ಹಿಡಿಯುವ ಹಾಗೆ ಹಿಡಿಯಲು ಕೂತೆವು. ನಿನಗೆ ಗೊತ್ತಲ್ಲ, ಕೊಕ್ಕೆ ಇಳಿಸುವುದು, ಅಲ್ಲಾಡಿಸುವುದು, ಕಿವಿ ಕೊಟ್ಟು ಕೇಳುವುದು, ಎಳೆಯುವುದು, ಬರಿಗೈ. ಎರಡು ದಿನ. ಬಿಸಿಲು ನೆತ್ತಿಯ ಮೇಲೆ ನಿಂತು ಕಾಯಿಸುತ್ತಿತ್ತು. ಗಂಡಸರು ಮರದ ಆಚೆ ಬದಿಯ ನೆರಳಿನಲ್ಲಿ ಮಣೆ ಹಾಕಿಕೊಂಡು ಬಾವೊ ಆಡುತ್ತಾ, ಕಾಯಿ ಬೀಳಿಸುವಾಗಲೆಲ್ಲ ನಮಗೊಂದು ಮಾತು ಬೀಳಿಸುತ್ತಿದ್ದರು.

"ಏನು ಸಿಕ್ತು ಫಲೇಸಿ, ಬಾಳೆಮೀನೋ ಸಿಗಡಿಯೋ?"

"ನಿಮ್ಮ ಹಳೇ ಬುದ್ಧಿ ಸಿಕ್ಕಿದೆ. ತುಂಬ ಸಣ್ಣದು, ವಾಪಸ್ ಬಿಟ್ಟೆ" ಎಂದೆ.

ವೈಸನಿ ಮಾವ ಮಾತ್ರ ಆಡಲೂ ಇಲ್ಲ, ನಗಲೂ ಇಲ್ಲ. ದೂರದಲ್ಲಿ ಮಂಡಿ ಅಪ್ಪಿಕೊಂಡು ಕೂತು, "ಬಿಟ್ಬಿಡ್ರವ್ವ, ಅದು ಕೆಟ್ಟ ಹಾವು, ಬಿಟ್ಬಿಡಿ" ಎನ್ನುತ್ತಿದ್ದರು. ಹಾವಿನ ಭಯ ಎಂದುಕೊಂಡಿದ್ದೆ ನಾನು.

ಎರಡನೆಯ ದಿನ ಸಂಜೆ ಕೊಕ್ಕೆ ಎಲ್ಲಿಯೋ ಸಿಕ್ಕಿಕೊಂಡಿತು, ಅಲ್ಲಾಡಲಿಲ್ಲ. ಸರಳಿನ ಜೊತೆ ಬೇರೇನೋ ಸಿಕ್ಕಿಕೊಂಡಿದೆ ಎಂದು ನನಗೆ ಅನ್ನಿಸಿತು. ಇನ್ನು ಉಳಿದದ್ದು ಒಂದೇ ದಾರಿ, ಕೊಳವೆಯನ್ನೇ ಇಡಿಯಾಗಿ ಮೇಲಕ್ಕೆಳೆಯುವುದು. ಮೂವತ್ತಮೂರು ಮೀಟರು, ಒಂದಕ್ಕೊಂದು ಅಂಟಿಸಿದ ಹನ್ನೊಂದು ತುಂಡು. ಹೆಗಲು ಬೇಕು, ನಲವತ್ತಾದರೂ. ಆರು ಹೆಂಗಸರು ಎಲ್ಲಿ, ನಲವತ್ತು ಹೆಗಲು ಎಲ್ಲಿ?

ನಾಬಂಡಾ ಅಜ್ಜಿ ಎದ್ದಳು. ಸೀದಾ ಹೋಗಿ ಬಾವೊ ಮಣೆಯನ್ನು ಎತ್ತಿ ತಲೆಯ ಮೇಲಿಟ್ಟುಕೊಂಡು ನಡೆದುಬಿಟ್ಟಳು.

"ಅಜ್ಜೀ! ಆಟ ಅರ್ಧದಲ್ಲಿದೆ!"

"ಮಣೆ ನನ್ನ ಮನೇಲಿರತ್ತೆ. ನಾಳೆ ಬೆಳಿಗ್ಗೆ ಕೊಳವೆ ಎಳೆದೋರಿಗೆ ಮಾತ್ರ ಕೊಡ್ತೀನಿ."

ಮಾರನೆಯ ದಿನ ಐವತ್ತೆರಡು ಜನ ಬಂದರು! ಊರಿನ ಮುಖಂಡರೂ ಬಂದರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ನಾನು ಬಾಯಿಯ ಹತ್ತಿರ ನಿಂತು ಕೊಳವೆ ಬಾಗುವಾಗ ಮುರಿಯದಂತೆ ನೋಡಿಕೊಂಡೆ. ಅಜ್ಜಿ ತಾನೇ ಕಟ್ಟಿದ ಪದ ಎತ್ತಿದಳು, "ಎದ್ದು ಬಾರೋ ಹೆಬ್ಬಾವೇ, ನಿನ್ನ ಹೆಣ್ಣು ಕಾದವಳೇ." ಎಲ್ಲರೂ "ಹೇ ಹೇ" ಎಂದು ಎಳೆದರು. ಒಂದು ಮೊಳ ಬಂತು, ಒಂದು ಮಾರು ಬಂತು, ಆಮೇಲೆ ನಿಲ್ಲಲೇ ಇಲ್ಲ. ಕೊಳವೆ ಬಾಯಿಂದ ಎದ್ದು, ಆಕಾಶಕ್ಕೆ ಬಾಗಿ, ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ಇಳಿದು, ಜೋಳದ ಹೊಲದ ಉದ್ದಕ್ಕೂ ಚರ್ಚಿನ ಗೋಡೆಯ ತನಕ ಹೋಯಿತು. ನೀನು ನೋಡಬೇಕಿತ್ತು ಕಣೇ. ಅಷ್ಟುದ್ದದ ಬಿಳಿ ಹಾವು, ನೂರು ಕಾಲು, ಮುಂದೆ ಮುಖಂಡರು, ಹಿಂದೆ ಕೋಳಿಗಳು. ನನ್ನ ಲಮೆಕಿ ನಡುವಿನಲ್ಲಿ ಸಿಕ್ಕಿಕೊಂಡಿದ್ದ. ಗಿಡ್ಡ ನೋಡು, ಕೊಳವೆ ಅವನ ಹೆಗಲಿಗೆ ತಾಗುತ್ತಲೇ ಇರಲಿಲ್ಲ, ಆದರೂ ಎರಡು ಕೈ ಮೇಲೆತ್ತಿ ಎಲ್ಲರಿಗಿಂತ ಜೋರಾಗಿ ನರಳುತ್ತಿದ್ದ.

ಕೆಳಗಿಳಿಸಿ, ತುದಿಯನ್ನು ಎತ್ತಿ ಬಗ್ಗಿಸಿದೆವು. ಮೊದಲು ಕೆಸರು ಬಂತು. ಆಮೇಲೆ ಟಣ್ ಟಣ್ ಎಂದು ಸರಳುಗಳು. ಕೊನೆಗೆ ದೊಪ್ಪನೆ ಒಂದು ಪಾನಾ ಬಿತ್ತು. ಹಿಡಿಗೆ ಸೈಕಲ್ ಟ್ಯೂಬು ಸುತ್ತಿದ ದೊಡ್ಡ ಪಾನಾ. ಅದು ಯಾರದು ಎಂದು ಊರಿಗೆಲ್ಲ ಗೊತ್ತು. ಎಲ್ಲರೂ ವೈಸನಿ ಮಾವನ ಕಡೆ ತಿರುಗಿದರು.

ಮಾವ ಎದ್ದು ನಿಧಾನವಾಗಿ ಬಂದರು. ಪಾನಾ ಎತ್ತಿಕೊಂಡು, ಕೆಸರು ಒರೆಸಿ, ಹೇಳಿದರು:

"ಹಾವಿಲ್ಲ. ಇರಲೂ ಇಲ್ಲ. ಅವತ್ತು ಅವಸರ ಮಾಡ್ದೆ. ಪಾನಾ ಕೈ ಜಾರಿ ಒಳಗೆ ಬಿತ್ತು, ತೆಗೆಯೋಕೆ ಹೋಗಿ ಸರಳನ್ನೂ ಬೀಳಿಸ್ದೆ. ಇಷ್ಟು ವರ್ಷದ ಮೇಸ್ತ್ರಿ, ಕೈ ಜಾರ್ತು ಅಂತ ಹೆಂಗೆ ಹೇಳ್ಲಿ? ಬಾಯಿಗೆ ಬಂದದ್ದು ಹಾವು. ಅವತ್ತೇ ಹೇಳಿದ್ರೆ ನೀವು ಒಂದು ದಿನ ನಗ್ತಿದ್ರಿ, ಮುಗೀತಿತ್ತು. ಒಂಬತ್ತು ವರ್ಷ ಆ ಹಾವನ್ನ ನಾನು ಸಾಕಿದೆ. ಯಾರಾದ್ರೂ ಈ ಮರದ ಕಡೆ ನಡೆದ್ರೆ ನನ್ನ ಹೊಟ್ಟೇಲಿ ಅದು ಹೊರಳೋದು."

ಆಗ ಅಜ್ಜಿ, "ಅಯ್ಯೋ ನನ್ನಪ್ಪಾ, ಒಂಬತ್ತು ವರ್ಷ ಹಾವಿಗೆ ಹೆದರಿ ಈ ಮರದ ಹಣ್ಣು ಆರಿಸೋಕೂ ಬಂದಿರ್ಲಿಲ್ವಲ್ಲೋ ನಾನು! ಅಷ್ಟೂ ಹಣ್ಣು ನೀನೊಬ್ಬನೇ ತಿಂದ್ಯಾ?" ಎಂದಳು. ಯಾರೋ ಕಿಸಕ್ಕೆಂದರು, ಅಷ್ಟೇ, ಹೊಲಕ್ಕೆ ಹೊಲವೇ ಬಿದ್ದು ಬಿದ್ದು ನಕ್ಕಿತು. ಮಾವ ಎಲ್ಲರಿಗಿಂತ ಹೆಚ್ಚು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ಕುಣಿದರು. ಅರವತ್ತೆಂಟು ವರ್ಷದ ಮುದುಕ, ಪಾನಾ ಎತ್ತಿ ಹಿಡಿದುಕೊಂಡು! ಆ ಮಧ್ಯಾಹ್ನ ಎರಡು ಪಾಲು ನ್ಸಿಮಾ ಮುದ್ದೆ ಉಂಡರಂತೆ, ಅವರ ಹೆಂಡತಿಯೇ ಹೇಳಿದಳು. ನಾನೂ ನಕ್ಕೆ. ಆದರೆ ಅವರ ಮುಖವನ್ನು ನೋಡುತ್ತಾ ನಿಂತುಬಿಟ್ಟೆ. ಒಬ್ಬ ಮನುಷ್ಯ ಅಷ್ಟು ಹಗುರಾಗುವುದನ್ನು ನಾನು ಯಾವತ್ತೂ ನೋಡಿರಲಿಲ್ಲ.

ಮುಂದಿನದು ನಿನಗೆ ಗೊತ್ತಿರುವ ಕೆಲಸ. ಕೊಳವೆ ತೊಳೆದೆವು, ವಾಷರುಗಳನ್ನು ಬದಲಿಸಿದೆವು. ಮೊದಲು ಹನ್ನೊಂದು ತುಂಡು ಕೊಳವೆ ಸಾಕಾಗಿತ್ತು, ಈಗ ನೀರು ಕೆಳಕ್ಕೆ ಹೋಗಿದೆ, ಇನ್ನೆರಡು ಸೇರಿಸಬೇಕಾಯಿತು. ಕಟ್ಟೆಯನ್ನು ನನ್ನ ಎದೆಯೆತ್ತರ ಏರಿಸಿದೆವು, ಮುಂದಿನ ಪ್ರವಾಹ ಇಲ್ಲಿಯ ತನಕ ಬಂದರೂ ಬಾಯಿಗೆ ನುಗ್ಗಬಾರದು ಎಂದು. ಮಾವ ಕೂಲಿಯ ಹಾಗೆ ಕಲ್ಲು ಹೊತ್ತರು. ಹದಿಮೂರಕ್ಕೆ ಬ್ಲೀಚಿಂಗ್ ಪುಡಿ ಹಾಕಿ ಒಂದು ರಾತ್ರಿ ಬಿಟ್ಟೆವು. ಮಾರನೆಯ ದಿನ ವಾಸನೆ ಹೋಗುವ ತನಕ ಪಂಪು ಹೊಡೆದು ಚೆಲ್ಲಿದೆವು. ಹದಿನೈದಕ್ಕೆ ಕಚೇರಿಯ ಹುಡುಗಿಯೇ ಬಂದು ಸೀಸೆಯಲ್ಲಿ ನೀರು ತೆಗೆದುಕೊಂಡು ಪರೀಕ್ಷೆಗೆ ಒಯ್ದಳು. ಅವಳು ಆ ಕಡೆ ಹೋದಳು, ನಾನು ಈ ಕಡೆ ಬೀಗ ಹಾಕಿದೆ.

ಇವತ್ತಿಗೆ ಐದನೆಯ ದಿನ. ಊರಿನ ಬೈಗುಳವೆಲ್ಲ ನನಗೇ ಮೀಸಲು. ನೀರು ಕಣ್ಣೆದುರಿಗಿದೆ, ಕುಡಿಯುವ ಹಾಗಿಲ್ಲ. ಹೊಳೆಗೆ ಹೋಗುವ ಹೆಂಗಸರು ಬೇಕೆಂದೇ ಈ ದಾರಿಯಲ್ಲಿ ಬರುತ್ತಾರೆ. "ಫಲೇಸಕ್ಕಾ, ಪಂಪು ಮೊಟ್ಟೆ ಇಟ್ಟಿದ್ಯಾ? ಕಾವಿಗೆ ಕೂತಿದೀಯಾ?" ಎಂದು ಕೇಳುತ್ತಾರೆ. ಬೆಳಿಗ್ಗೆ ಮುಖಂಡರೇ ಬಕೆಟ್ಟು ಹಿಡಿದುಕೊಂಡು ಬಂದರು.

"ತೆಗಿಯಮ್ಮಾ ಬೀಗ. ಕನ್ನಡಿ ಹಂಗಿದೆ ನೀರು. ಇನ್ನೇನು ಪರೀಕ್ಷೆ ಅದಕ್ಕೆ?"

"ಕಚೇರಿಯ ಕಾಗದ ಬರಲಿ ಸ್ವಾಮಿ."

"ಈ ಊರಿಗೆ ಮುಖಂಡ ಯಾರು? ನೀನೋ, ಕಾಗದವೋ?"

"ಊರಿಗೆ ನೀವು. ಪಂಪಿಗೆ ಕಾಗದ."

ಅವರು ಹೋದ ಮೇಲೆ ಲಮೆಕಿ ಬಂದು ಪಕ್ಕದಲ್ಲಿ ಕೂತ. "ನಂಗಾದ್ರೂ ಒಂದು ಲೋಟ ಕೊಡೇ. ಮೂವತ್ತು ವರ್ಷ ನಿನ್ನ ಜೊತೆ ಬಾಳಿದೀನಿ" ಎಂದ. "ಅದಕ್ಕೇ ಕೊಡಲ್ಲ. ಇನ್ನೂ ಮೂವತ್ತು ವರ್ಷ ಬೇಕು ನೀನು" ಎಂದೆ. ನಾಚಿಕೊಂಡು, ಜೇಬಿನಿಂದ ಒಂದು ಪೆನ್ನು ತೆಗೆದು ಕೊಟ್ಟು ಹೋದ. ಅದೇ ಪೆನ್ನು ಇದು.

ಬಿಸಿಲು ಕಟ್ಟೆಯ ಮೇಲೆ ಬಂತು. ಉಳಿದದ್ದನ್ನು ಕಾಗದ ಬಂದ ಮೇಲೆ ಬರೆಯುತ್ತೇನೆ. ಕಾಗದದಲ್ಲಿ ಕೆಟ್ಟ ಸುದ್ದಿಯಿದ್ದರೆ ಮತ್ತೆ ಪುಡಿ ಹಾಕುವುದು, ಮತ್ತೆ ಚೆಲ್ಲುವುದು, ಮತ್ತೆ ಕಾಯುವುದು. ಮೋಡ ಮಾತ್ರ ಕಾಯುವ ಹಾಗೆ ಕಾಣುವುದಿಲ್ಲ, ಮೊಝಾಂಬಿಕ್ ಕಡೆ ನಿನ್ನೆಯಿಂದ ಕಪ್ಪಿಡುತ್ತಿದೆ.

ಗುರುವಾರ, ೨೩ ಅಕ್ಟೋಬರ್

ಲುಫಿನಾ, ಲುಫಿನಾ, ಲುಫಿನಾ! ಬಂತು!

ಮಲೀತಾ ಬೆಳಿಗ್ಗೆಯೇ ಸೈಕಲ್ ಹತ್ತಿ ಜಿಲ್ಲಾ ಪೇಟೆಗೆ ಹೋಗಿದ್ದಳು. ಮಧ್ಯಾಹ್ನ ಗುಡ್ಡದ ಕೆಳಗಿನಿಂದಲೇ ಗಂಟೆ ಬಾರಿಸುತ್ತಾ ಬಂದಳು. ಆ ಸೈಕಲ್ಲಿಗೆ ಗಂಟೆ ಇಲ್ಲ, ಬಾಯಲ್ಲೇ ಬಾರಿಸುತ್ತಿದ್ದಳು. ಊರೆಲ್ಲ ಮರದ ಕೆಳಗೆ ಸೇರಿತು. ಲಮೆಕಿ ಕಾರ್ಯದರ್ಶಿಯಲ್ಲವೇ, ಕನ್ನಡಕ ಏರಿಸಿ, ಗಂಟಲು ಸರಿ ಮಾಡಿಕೊಂಡು, ಕಚೇರಿಯ ವಿಳಾಸದಿಂದ ಹಿಡಿದು ಓದತೊಡಗಿದ. "ವಿಳಾಸ ಕುಡಿಯೋಕಾಗಲ್ಲ, ಕೆಳಗೆ ಓದಯ್ಯಾ!" ಎಂದು ಗದರಿದರು ಮುಖಂಡರು.

"ರೋಗಾಣು... ಸೊನ್ನೆ" ಎಂದು ಓದಿದ ಲಮೆಕಿ.

ಅಜ್ಜಿಯ ಮುಖ ಬಾಡಿತು. "ಸೊನ್ನೆನಾ? ಫೇಲಾ?"

"ಇಲ್ಲ ಅಜ್ಜಿ, ಈ ಪರೀಕ್ಷೇಲಿ ಸೊನ್ನೆ ಬಂದ್ರೇ ಪಾಸು!" ಎಂದಳು ಮಲೀತಾ.

"ಹಂಗಾದ್ರೆ ಈ ಪರೀಕ್ಷೆಗೆ ನನ್ನನ್ನೂ ಕೂರಿಸಬಹುದಿತ್ತಲ್ಲೇ! ಇಸ್ಕೂಲಲ್ಲಿ ಬರೀ ಅದೇ ತಗೊಂಡೋಳು ನಾನು!"

ಗಂಟು ಬಿಚ್ಚಿ ಬೀಗ ತೆಗೆದೆ. ಮೊದಲ ಲೋಟ ಯಾರಿಗೆ ಎಂದು ಜಗಳ ಶುರುವಾಯಿತು. ಮುಖಂಡರಿಗೆ ಎಂದರು ಕೆಲವರು, ಹಿರಿಯಳು ಅಜ್ಜಿಗೆ ಎಂದರು ಕೆಲವರು. ಯಾರೋ ಒಬ್ಬಳು ತನ್ನ ಪುಟ್ಟ ಮಗಳನ್ನು ಮುಂದಕ್ಕೆ ತಳ್ಳಿ, "ಮಗು ಕುಡೀಲಿ, ಒಳ್ಳೇದಾಗತ್ತೆ" ಎಂದಳು. "ಇಲ್ಲ" ಎಂದೆ, ಸ್ವಲ್ಪ ಜೋರಾಗಿಯೇ. ನಾನೇ ತುಂಬಿಸಿಕೊಂಡು ಎಲ್ಲರೆದುರು ಪೂರ್ತಿ ಲೋಟ ಕುಡಿದೆ. ಮುಖಂಡರಿಗೆ ಕೋಪ ಬಂತು, ಆದರೆ ನೀರು ಕುಡಿದ ಮೇಲೆ ಹೋಯಿತು. ಅಷ್ಟು ಸಿಹಿ ಕಣೇ. ತಂಪು. ಏನೂ ರುಚಿಯಿಲ್ಲದ ರುಚಿ, ನಾವು ಮರೆತೇಬಿಟ್ಟಿದ್ದೆವು.

ಆಮೇಲಿನದನ್ನು ಬರೆಯಲು ನನಗೆ ಬರುವುದಿಲ್ಲ. ಹೆಂಗಸರು ನಾಲಿಗೆ ಹೊರಳಿಸಿ ಕೂಗಿದ್ದು ಹೊಳೆಯಾಚೆಯ ಊರಿಗೂ ಕೇಳಿಸಿರಬೇಕು. ಮಕ್ಕಳಿಗೆ ಸೋಪು ಕೊಟ್ಟರೆ ನೊರೆ ಮಾಡಿ ಮಾಡಿ ನಾಯಿಗೂ ಹಚ್ಚಿದವು. ಸಂಜೆ ಎಲ್ಲ ಮನೆಗಳಲ್ಲೂ ಅವರೆಕಾಳು ಬೇಯುವ ವಾಸನೆ. ಅಜ್ಜಿ ಟೀ ಕುಡಿದು, "ಲೇ, ಇದಕ್ಕೆ ಉಪ್ಪು ಕಮ್ಮಿ" ಎಂದಳು. ಎರಡು ವರ್ಷದ ಅಭ್ಯಾಸ ನೋಡು. ವೈಸನಿ ಮಾವ ತಾವೇ ಬೀಗದ ಕಾವಲು ಕೇಳಿ ತೆಗೆದುಕೊಂಡರು, ಪಂಪಿಗೆ ರಾತ್ರಿ ವಿಶ್ರಾಂತಿ ಬೇಕಲ್ಲ. ಅವರನ್ನು ಎಲ್ಲರೂ ಈಗ ಹಾವಾಡಿಗ ಎಂದು ಕರೆಯುತ್ತಾರೆ, ಕರೆದರೆ ಓಗೊಡುತ್ತಾರೆ. ಮೊದಲ ಮಳೆ ನಿನ್ನೆಯೇ ಎರಡು ಹನಿ ಬಿತ್ತು. ಬೀಳಲಿ. ನಮ್ಮ ಕಟ್ಟೆ ಎತ್ತರವಿದೆ.

ಎಂಟು ಹುಡುಗಿಯರು ರಿಪೇರಿ ಕಲಿಯುತ್ತೇವೆ ಎಂದು ಹೆಸರು ಕೊಟ್ಟಿದ್ದಾರೆ. ಆ ಮೇಷ್ಟ್ರ ಕಥೆಯನ್ನು ನಿನ್ನ ಬಾಯಿಂದಲೇ ಕೇಳಬೇಕಂತೆ ಅವರಿಗೆ. ನೀನು ಬಂದರೆ ನಮ್ಮ ಮನೆಯಲ್ಲೇ ಇರು, ಲಮೆಕಿಯನ್ನು ಚರ್ಚಿಗೆ ಕಳಿಸುತ್ತೇನೆ ಮಲಗಲಿಕ್ಕೆ. ಬರುವುದು ಬಿಡುವುದು, ಈ ಕಾಗದವನ್ನು ಕೊನೆಯ ತನಕ ಓದಿದ ಮೇಲೆ ನೀನೇ ತೀರ್ಮಾನ ಮಾಡು.

ಚಿಸೊಮೊಗೆ ಹಾಲು ತುಂಬಿ ಬರಲಿ. ಕೂಸಿನ ಮೈ ಗಟ್ಟಿಯಾಗಲಿ, ಅದು ಕುಡಿಯುವ ಪ್ರತಿಯೊಂದು ಗುಟುಕೂ ಅದಕ್ಕೆ ಒಗ್ಗಲಿ. ನಿನ್ನ ಅಣ್ಣನ ಮನೆಯಲ್ಲಿ ಒಲೆ ಆರದಿರಲಿ. ನಿನ್ನ ಮಂಡಿ ನೋವು ಬೆಟ್ಟದ ಚಳಿಗೆ ಹೆಚ್ಚಾಗದಿರಲಿ. ದೇವರು ನಿನ್ನನ್ನು ಅಂಗೈಯಲ್ಲಿಟ್ಟು ನೋಡಿಕೊಳ್ಳಲಿ.

ನಿನ್ನ
ಫಲೇಸಿ

ತಾ.ಕ. ಕಾಗದವನ್ನು ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಇಷ್ಟು ವರ್ಷ ನಾನು ಬರೆಯದಿದ್ದದ್ದು ಇದೊಂದನ್ನು ಬರೆಯಲಾರದೆ.

ನ್ಯಾಕಂಬಾದಲ್ಲಿ ಆ ಕೊನೆಯ ಪ್ರವಾಹ ಇಳಿದಾಗ ನಮ್ಮ ಪಂಪು ಹನ್ನೊಂದು ದಿನ ಮುಳುಗಿ ಎದ್ದಿತ್ತು. ನೀನು ಜ್ವರ ಬಂದು, ಊರವರೆಲ್ಲ ತಂಗಿದ್ದ ಶಾಲೆಯಲ್ಲಿ ಮಲಗಿದ್ದೆ, ಶುಚಿ ಮಾಡುವ ಕೆಲಸ ನನ್ನೊಬ್ಬಳ ಮೇಲೆ ಬಿತ್ತು. ನನ್ನ ಹತ್ತಿರ ಇದ್ದ ಬ್ಲೀಚಿಂಗ್ ಪುಡಿ ನೀರಿನಲ್ಲಿ ನೆನೆದು ವಾಸನೆಯನ್ನೇ ಕಳೆದುಕೊಂಡಿತ್ತು. ಅದು ಸತ್ವ ಹೋದ ಪುಡಿ ಎಂದು ನನಗೆ ಗೊತ್ತಿತ್ತು. ಆದರೂ ಅದನ್ನೇ ಹಾಕಿದೆ. ಒಂದು ರಾತ್ರಿ ಬಿಡಬೇಕಿತ್ತು, ಬಿಡಲಿಲ್ಲ. ಬಿಂದಿಗೆ ಹಿಡಿದು ಬೆಳಗಿನಿಂದ ನಿಂತವರು ಅಳುತ್ತಿದ್ದರು, ಬೇಡುತ್ತಿದ್ದರು. "ನೀರು ಚೆನ್ನಾಗಿದೆ, ಕುಡೀರಿ" ಎಂದುಬಿಟ್ಟೆ. ಸಾಲಿನಲ್ಲಿ ನಿನ್ನ ತಿಯಾಮಿಕೆ ಇದ್ದಳು. ನನ್ನ ಗೆಳತಿಯ ಮಗಳು ಎಂದು ಅವಳನ್ನು ಮುಂದಕ್ಕೆ ಕರೆದು ಮೊದಲ ಲೋಟ ಅವಳಿಗೇ ಕೊಟ್ಟೆ.

ಕಾಲರಾದಲ್ಲಿ ಹೋದ ಅವಳನ್ನು ಮಣ್ಣು ಮಾಡಿದ ದಿನ ನೀನು ನನ್ನ ಕೈ ಹಿಡಿದು, "ಪಂಪು ಸರಿಯಾಗಿತ್ತಾ ಫಲೇಸಿ?" ಎಂದು ಕೇಳಿದೆ. ಸರಿಯಾಗಿತ್ತು ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ, ಮಗು ದಾರಿಯ ಗುಂಡಿಯಲ್ಲಿ ಕುಡಿದಿರಬೇಕು ಎಂದೂ ಹೇಳಿದೆ. ಆಮೇಲೆ ನಿನ್ನ ಮೂರು ಕಾಗದದಲ್ಲೂ ಒಂದೇ ಮಾತು, ಪಂಪಿನ ನೀರು ಬಿಟ್ಟು ಬೇರೇನೂ ಮುಟ್ಟಬೇಡ ಎಂದು ಅಷ್ಟು ಹೇಳಿದರೂ ಒಂಬತ್ತು ವರ್ಷದ ಹುಡುಗಿ ಯಾಕೆ ಕೇಳಲಿಲ್ಲ, ನಾನು ಎದ್ದು ಅವಳ ಜೊತೆ ಯಾಕೆ ಹೋಗಲಿಲ್ಲ ಎಂದು.

ಕ್ಷಮಿಸು ಎಂದು ಕೇಳಲು ಬರೆಯುತ್ತಿಲ್ಲ. ನೀನು ನಿನ್ನನ್ನೂ ಅವಳನ್ನೂ ಬೈದುಕೊಳ್ಳುವುದನ್ನು ನಿಲ್ಲಿಸಬೇಕು ಎಂದು ಬರೆಯುತ್ತಿದ್ದೇನೆ. ತಿಯಾಮಿಕೆ ನಿನ್ನ ಮಾತು ಮೀರಲಿಲ್ಲ, ಲುಫಿನಾ. ನೀನು ಹೇಳಿದ್ದ ಹಾಗೆ ಪಂಪಿನ ನೀರನ್ನೇ ಕುಡಿದಳು. ನನ್ನ ಕೈಯಿಂದ.